ಊರಿಗೊಂದು ರೂಪಕ ಕಟ್ಟುವುದು ಹೇಗೆ: ನಗರದ ಬಿಂಬಕ್ಕೆ ಜೀವವಿಜ್ಞಾನದ ಆಧಾರ

ನಗರಸಭೆಯ ಸದಸ್ಯರು, ಬಡಾವಣೆಯ ನಿವಾಸಿಗಳ ಸಂಘದವರು, ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿಗಳು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ನಮ್ಮ ಊರನ್ನು ಜನ ನೆನಪಿಟ್ಟುಕೊಳ್ಳುವಂಥ ಒಂದು ಹೆಸರು ಬೇಕು, ಉದ್ಯಾನನಗರಿ ಎಂಬಂಥದ್ದು. ಯಾವುದನ್ನು ಆರಿಸಬೇಕು?’ ಈ ಲೇಖನದಲ್ಲಿ ಹೆಸರುಗಳ ಪಟ್ಟಿ ಇಲ್ಲ. ನಿಮ್ಮ ಊರಿನೊಳಗೆ ಈಗಾಗಲೇ ನಡೆಯುತ್ತಿರುವ ಒಂದು ಜೀವಕ್ರಿಯೆಯನ್ನು ಪತ್ತೆಹಚ್ಚಿ, ಅದನ್ನು ರೂಪಕವಾಗಿಸಿ, ಊರಿನವರೂ ಹೊರಗಿನವರೂ ಒಪ್ಪುವ ಬಿಂಬವಾಗಿ ಬೆಳೆಸುವ ಕ್ರಮವನ್ನು ಹಂತ ಹಂತವಾಗಿ ವಿವರಿಸಲಾಗಿದೆ. ಇಡೀ ಕ್ರಮಕ್ಕೆ ಆಧಾರವಾದ ನಿಯಮ ಇಷ್ಟೇ: ಊರು ಯಾವುದರಂತೆ ಕಾಣುತ್ತದೆ ಎಂದು ಕೇಳಬೇಡಿ, ಊರಿನ ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿ.

ಹೈಸ್ಕೂಲಿನ ವ್ಯಾಕರಣ ಪುಸ್ತಕದ ಅಲಂಕಾರ ಪ್ರಕರಣ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ವರ್ಣಿಸಬೇಕಾದ ವಸ್ತು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೆಯೋ ಅದು ಉಪಮಾನ, ಎರಡರಲ್ಲೂ ಇರುವ ಗುಣ ಸಮಾನಧರ್ಮ. ಉಪಮೆಯಲ್ಲಿ ‘ಅಂತೆ’, ‘ಹಾಗೆ’ ಎಂಬ ವಾಚಕಪದ ಇರುತ್ತದೆ. ರೂಪಕದಲ್ಲಿ ಅದು ಬಿದ್ದುಹೋಗಿ, ಉಪಮೇಯವೇ ಉಪಮಾನ ಎಂದು ಅಭೇದವನ್ನು ಹೇಳಲಾಗುತ್ತದೆ. ಹಾಗೆ ಹೇಳುವಾಗ ಸಮಾನಧರ್ಮ ಯಾವುದೆಂಬುದು ಎಷ್ಟೋ ಸಲ ಮಾತಿನ ಹಿಂದೆಯೇ ಉಳಿದುಬಿಡುತ್ತದೆ. ನಗರಗಳ ಘೋಷವಾಕ್ಯಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ಊರಿನ ಕೆರೆ, ರಾಜಕಾಲುವೆ, ಚರಂಡಿಗಳನ್ನು ತೋರಿಸುವ ಸರ್ವೆ ನಕ್ಷೆ. ನೀರು ಸರಬರಾಜು, ಕೊಳಚೆನೀರು ಮತ್ತು ಕಸದ ವಾರ್ಡುವಾರು ಅಂಕಿಅಂಶ. ಒಬ್ಬ ಜೀವವಿಜ್ಞಾನದ ಅಧ್ಯಾಪಕ. ನೀರು ಬಿಡುವವರು, ಪೌರಕಾರ್ಮಿಕರು, ಕೆರೆಯಲ್ಲಿ ಮೀನು ಹಿಡಿಯುವವರ ಪೈಕಿ ಕನಿಷ್ಠ ಇಬ್ಬರು. ಜಾಹೀರಾತು ಸಂಸ್ಥೆಯನ್ನು ಈ ಹಂತದಲ್ಲಿ ಕರೆಯಬೇಡಿ. ಅವರ ಕೆಲಸ ಐದನೆಯ ಹಂತದಲ್ಲಿದೆ. ಅವರು ಮೊದಲೇ ಬಂದರೆ ಲಾಂಛನ ಮೊದಲು ಸಿದ್ಧವಾಗಿ, ಅದಕ್ಕೆ ತಕ್ಕ ಅರ್ಥವನ್ನು ಆಮೇಲೆ ಹುಡುಕಬೇಕಾಗುತ್ತದೆ.

ಹಂತ 1: ಒಳಹರಿವು ಮತ್ತು ಹೊರಹರಿವಿನ ಲೆಕ್ಕ

ಜೀವಿಯು ಆಹಾರವನ್ನು ಒಳಗೆ ತೆಗೆದುಕೊಂಡು, ಶಕ್ತಿಯಾಗಿ ಮಾರ್ಪಡಿಸಿ, ಉಳಿದದ್ದನ್ನು ಹೊರಹಾಕುವ ಒಟ್ಟು ಕ್ರಿಯೆಗೆ ಚಯಾಪಚಯ ಎಂದು ಹೆಸರು. ನಗರಕ್ಕೂ ಈ ಲೆಕ್ಕವನ್ನು ಹಾಕಬಹುದೆಂದು 1965ರಲ್ಲಿ ಅಮೆರಿಕದ ನೈರ್ಮಲ್ಯ ಎಂಜಿನಿಯರ್ ಏಬಲ್ ವೋಲ್ಮನ್ ತೋರಿಸಿದರು. ಹತ್ತು ಲಕ್ಷ ಜನರಿರುವ ಒಂದು ಕಾಲ್ಪನಿಕ ಅಮೆರಿಕನ್ ನಗರ ದಿನವೊಂದಕ್ಕೆ ಸುಮಾರು 6,25,000 ಟನ್ ನೀರು, 9,500 ಟನ್ ಇಂಧನ, 2,000 ಟನ್ ಆಹಾರ ತೆಗೆದುಕೊಂಡು, 5,00,000 ಟನ್ ಕೊಳಚೆನೀರನ್ನು ಹೊರಹಾಕುತ್ತದೆ ಎಂಬುದು ಅವರ ಅಂದಾಜು. ಆಹಾರ ಮತ್ತು ಕೊಳಚೆನೀರಿನ ನಡುವಿನ ಅಂತರವನ್ನು ಗಮನಿಸಿ: ನಗರದ ದೇಹದಲ್ಲಿ ಓಡಾಡುವುದೆಲ್ಲ ಹೆಚ್ಚುಕಡಿಮೆ ನೀರೇ. ಆದ್ದರಿಂದ ನಿಮ್ಮ ಲೆಕ್ಕವನ್ನು ನೀರಿನಿಂದ ಆರಂಭಿಸಿ.

ಈ ಲೆಕ್ಕ ಹಾಕುವಾಗ ನಗರಪಾಲಿಕೆಯ ಗಡಿಗೆ ನಿಂತುಬಿಡುವುದು ಸಾಮಾನ್ಯ ತಪ್ಪು. ಬೆಂಗಳೂರು ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ನೀರನ್ನು ಪಂಪು ಮಾಡಿ ತರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಯೋಜನೆಯೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಬಳಸಿದ ನೀರಿನ ಒಂದು ಭಾಗ ಸಂಸ್ಕರಣೆಯಾಗಿ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ. ಅಂದರೆ ಬೆಂಗಳೂರೆಂಬ ದೇಹದ ಬಾಯಿ ಮಂಡ್ಯ ಜಿಲ್ಲೆಯಲ್ಲಿದೆ, ಅದು ಹೊರಬಿಟ್ಟದ್ದು ಕೋಲಾರದ ಒಳಹರಿವಾಗುತ್ತದೆ. ಇಷ್ಟನ್ನು ಕಾಣದ ರೂಪಕ ಅರ್ಧ ದೇಹದ ರೂಪಕವಾಗುತ್ತದೆ, ಮತ್ತು ಉಳಿದರ್ಧದಲ್ಲಿ ವಾಸಿಸುವವರು ಅದನ್ನು ಒಪ್ಪುವುದಿಲ್ಲ.

ಹಂತ 2: ಕೆಲಸ ಮಾಡುತ್ತಿರುವ ಭಾಗವನ್ನು ಗುರುತಿಸುವುದು

ಲೆಕ್ಕದ ಹಾಳೆಯನ್ನು ಎದುರಿಗಿಟ್ಟುಕೊಂಡು, ಯಂತ್ರದ ನೆರವಿಲ್ಲದೆ ಅಥವಾ ತೀರಾ ಕಡಿಮೆ ಖರ್ಚಿನಲ್ಲಿ ಊರಿಗೆ ಸೇವೆ ಸಲ್ಲಿಸುತ್ತಿರುವ ಜಾಗ ಯಾವುದೆಂದು ನೋಡಿ. ಇದಕ್ಕೆ ಪೂರ್ವ ಕೋಲ್ಕತ್ತದ ಜೌಗು ಪ್ರದೇಶಕ್ಕಿಂತ ಉತ್ತಮ ಉದಾಹರಣೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ನಗರದ ಕೊಳಚೆನೀರು ಕಾಲುವೆಗಳ ಮೂಲಕ ಹರಿದು, ‘ಭೇರಿ’ ಎಂದು ಅಲ್ಲಿ ಕರೆಯುವ ಆಳವಿಲ್ಲದ ಮೀನುಹೊಂಡಗಳನ್ನು ಸೇರುತ್ತದೆ. ಬಿಸಿಲು ಬಿದ್ದಾಗ ಪಾಚಿ ಬೆಳೆದು ಆಮ್ಲಜನಕವನ್ನು ಬಿಡುತ್ತದೆ, ಆ ಆಮ್ಲಜನಕದ ನೆರವಿನಿಂದ ಬ್ಯಾಕ್ಟೀರಿಯಾಗಳು ಕೊಳೆಯನ್ನು ಒಡೆಯುತ್ತವೆ, ಪಾಚಿಯನ್ನು ಮೀನು ತಿನ್ನುತ್ತದೆ, ಮೀನನ್ನು ಕೋಲ್ಕತ್ತ ತಿನ್ನುತ್ತದೆ. ಹೊರಬಿದ್ದ ನೀರು ಗದ್ದೆಗೂ ತರಕಾರಿಗೂ ಹೋಗುತ್ತದೆ.

ಈ ವ್ಯವಸ್ಥೆಯನ್ನು ರೂಪಿಸಿದವರು ಮೀನುಗಾರರು ಮತ್ತು ರೈತರು. ಸರ್ಕಾರಿ ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಮಾಡಿದ್ದು ಅದನ್ನು ಗುರುತಿಸಿ, ದಾಖಲಿಸಿ, ಲೋಕಕ್ಕೆ ವಿವರಿಸುವ ಕೆಲಸ. ‘ಕೋಲ್ಕತ್ತದ ಮೂತ್ರಪಿಂಡ’ ಎಂಬ ಮಾತು ಚಲಾವಣೆಗೆ ಬಂದ ಮೇಲೆ, ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಾಣುತ್ತಿದ್ದದ್ದು ಅಂಗವಾಗಿ ಕಾಣತೊಡಗಿತು. 1992ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸುವುದರ ಮೇಲೆ ನಿರ್ಬಂಧ ಹೇರಿತು. 2002ರಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. 2006ರಲ್ಲಿ ಅದರ ರಕ್ಷಣೆಗೆ ಪ್ರತ್ಯೇಕ ಕಾಯಿದೆಯೂ ಬಂತು. ಇವೆಲ್ಲ ಒಂದು ರೂಪಕದಿಂದಲೇ ಆದವು ಎಂದರೆ ಅತಿಶಯವಾಗುತ್ತದೆ, ಆದರೆ ತಾಂತ್ರಿಕ ವರದಿಯನ್ನು ಓದದ ಜನರಿಗೂ ವಿಷಯ ತಲುಪಿದ್ದು ಆ ಮಾತಿನಿಂದಲೇ.

ಹಂತ 3: ಸಮಾನಧರ್ಮದ ಪರೀಕ್ಷೆ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಉಪಮೇಯ, ಉಪಮಾನ, ಸಮಾನಧರ್ಮ, ಹೊಂದದ ಗುಣ. ಜೀವವಿಜ್ಞಾನದ ಅಧ್ಯಾಪಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕನ್ನೂ ತುಂಬಿ. ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ.

ಉದ್ಯಾನವನ್ನು ನಗರದ ಶ್ವಾಸಕೋಶ ಎನ್ನುವ ವಾಡಿಕೆಯನ್ನೇ ತೆಗೆದುಕೊಳ್ಳಿ. 1808ರಲ್ಲಿ ಹೈಡ್ ಪಾರ್ಕಿನ ಅಂಚಿನಲ್ಲಿ ಮನೆ ಕಟ್ಟುವ ಪ್ರಸ್ತಾಪ ಬ್ರಿಟಿಷ್ ಸಂಸತ್ತಿಗೆ ಬಂದಾಗ, ಉದ್ಯಾನಗಳು ಲಂಡನ್ನಿನ ಶ್ವಾಸಕೋಶಗಳೆಂಬ ಮಾತನ್ನು ವಿಲಿಯಂ ವಿಂಡಮ್ ಸದನದಲ್ಲಿ ಉದ್ಧರಿಸಿದರು. ಆ ಸಂದರ್ಭದಲ್ಲಿ ಅದು ಒಳ್ಳೆಯ ಆಯುಧವೇ ಆಗಿತ್ತು. ಆದರೆ ಅಂಕಣಗಳನ್ನು ತುಂಬಿ ನೋಡಿ: ಶ್ವಾಸಕೋಶ ಆಮ್ಲಜನಕವನ್ನು ಒಳಗೆಳೆದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ, ಹಗಲಿನಲ್ಲಿ ಮರ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಅದೂ ಅಲ್ಲದೆ ನಾವು ಉಸಿರಾಡುವ ಆಮ್ಲಜನಕಕ್ಕೆ ಪಕ್ಕದ ಪಾರ್ಕನ್ನು ಅವಲಂಬಿಸಿಲ್ಲ. ವಾತಾವರಣದಲ್ಲಿ ಅದರ ಸಂಗ್ರಹ ಅಪಾರವಾಗಿದೆ. ಕಬ್ಬನ್ ಪಾರ್ಕಾಗಲಿ ಲಾಲ್‌ಬಾಗಾಗಲಿ ನಿಜಕ್ಕೂ ಮಾಡುವ ಕೆಲಸ ನೆರಳು ಕೊಡುವುದು, ಮಳೆನೀರನ್ನು ಇಂಗಿಸುವುದು, ಎಲೆಗಳ ಸೂಕ್ಷ್ಮ ರಂಧ್ರಗಳಿಂದ ನೀರಾವಿಯನ್ನು ಬಿಟ್ಟು ಸುತ್ತಲಿನ ಗಾಳಿಯನ್ನು ತಂಪಾಗಿಸುವುದು. ಈ ಮೂರನೆಯದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ನಮ್ಮ ದೇಹದಲ್ಲಿ ಅದಕ್ಕೆ ಸಮನಾದದ್ದು ಬೆವರುವಿಕೆ. ಹಾಗಾಗಿ ಉದ್ಯಾನವನ್ನು ಬೆವರುವ ಚರ್ಮ ಎನ್ನುವುದೇ ಹೆಚ್ಚು ಸರಿ. ಕಿವಿಗೆ ಅಷ್ಟು ಹಿತವಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಅದರಿಂದ ಹುಟ್ಟುವ ತೀರ್ಮಾನವೇ ಬೇರೆ: ಶ್ವಾಸಕೋಶವಾದರೆ ಊರಿಗೆ ಎರಡು ದೊಡ್ಡ ಪಾರ್ಕು ಸಾಕು, ಚರ್ಮವಾದರೆ ಪ್ರತಿ ಬೀದಿಯಲ್ಲೂ ಸಾಲುಮರ ಬೇಕು.

ಕೋಲ್ಕತ್ತದ ಮೂತ್ರಪಿಂಡವೂ ಈ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆಯುವುದಿಲ್ಲ. ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ಭೇರಿಯಾದರೋ ಜೀರ್ಣಿಸಿ ಆಹಾರವಾಗಿ ಹಿಂದಿರುಗಿಸುತ್ತದೆ. ಆದರೂ ಆ ರೂಪಕವನ್ನು ಉಳಿಸಿಕೊಳ್ಳಬಹುದು. ಅದರ ಮುಖ್ಯ ಸಮಾನಧರ್ಮ, ಅಂದರೆ ದೇಹದ ಕೊಳೆಯನ್ನು ನಿತ್ಯವೂ ಸದ್ದಿಲ್ಲದೆ ತೆಗೆಯುವುದು, ನಿಜವಾದದ್ದು. ಜೊತೆಗೆ ರೂಪಕವನ್ನು ಮುಂದಕ್ಕೆ ಬೆಳೆಸಿದರೂ ಅದು ಸುಳ್ಳಾಗುವುದಿಲ್ಲ: ಮೂತ್ರಪಿಂಡ ಕೆಟ್ಟವರಿಗೆ ಡಯಾಲಿಸಿಸ್ ಯಂತ್ರ ಬೇಕಾಗುವಂತೆ, ಜೌಗು ಪ್ರದೇಶವನ್ನು ಮುಚ್ಚಿದ ನಗರ ಕೊಳಚೆನೀರು ಸಂಸ್ಕರಣಾ ಘಟಕಗಳನ್ನು ಕಟ್ಟಿ, ವಿದ್ಯುತ್ ಬಿಲ್ಲನ್ನು ಕೊನೆಯಿಲ್ಲದೆ ತುಂಬಬೇಕಾಗುತ್ತದೆ. ಒಳ್ಳೆಯ ರೂಪಕದ ಲಕ್ಷಣವೇ ಇದು. ಒಂದು ಹೆಜ್ಜೆ ಮುಂದೆ ಎಳೆದಾಗಲೂ ಅದು ಕೆಲಸಕ್ಕೆ ಬರುತ್ತದೆ.

ಉಪಮಾನದ ಕಡೆಯ ವಿಜ್ಞಾನವೂ ಸರಿಯಾಗಿರಬೇಕು. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಕಟ್ಟಡವನ್ನು ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲುಹುತ್ತದ ಮಾದರಿಯಲ್ಲಿ ವಿನ್ಯಾಸ ಮಾಡಿದರು, ಸಾಂಪ್ರದಾಯಿಕ ಹವಾನಿಯಂತ್ರಣವಿಲ್ಲದೆ ಅದು ತಂಪಾಗಿರುವುದು ನಗರದ ಹೆಮ್ಮೆಯೂ ಆಯಿತು. ಆಮೇಲೆ ಹುತ್ತಗಳನ್ನೇ ಅಳೆದ ಸಂಶೋಧಕರಿಗೆ ಕಂಡದ್ದೇನೆಂದರೆ, ವಿನ್ಯಾಸಕ್ಕೆ ಆಧಾರವಾಗಿದ್ದ ರೀತಿಯಲ್ಲಿ ಹುತ್ತವು ತನ್ನ ಗೂಡಿನ ಉಷ್ಣತೆಯನ್ನು ನಿಯಂತ್ರಿಸುವುದೇ ಇಲ್ಲ. ಕಟ್ಟಡ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹೋಲಿಕೆ ಮಾತ್ರ ಸಡಿಲವಾಯಿತು. ಕಟ್ಟಡಕ್ಕೆ ಅದರಿಂದ ನಷ್ಟವಿಲ್ಲ. ಆದರೆ ಹೋಲಿಕೆಯ ಮೇಲೆಯೇ ನಿಂತ ನಗರದ ಬಿಂಬಕ್ಕೆ ಹೀಗಾದರೆ ನಷ್ಟವಿದೆ.

ಇಡೀ ನಗರವನ್ನು ಒಂದೇ ಪ್ರಾಣಿಯಾಗಿ ಚಿತ್ರಿಸುವ ಆಸೆಯನ್ನೂ ಇಲ್ಲಿಯೇ ಬಿಡಬೇಕು. ಪ್ರಾಣಿ ದೊಡ್ಡದಾದಷ್ಟೂ ಅದರ ಜೀವನದ ಗತಿ ನಿಧಾನವಾಗುತ್ತದೆ. ಇಲಿಯ ಹೃದಯಕ್ಕಿಂತ ಆನೆಯ ಹೃದಯ ಎಷ್ಟೋ ನಿಧಾನವಾಗಿ ಬಡಿಯುತ್ತದೆ. ನಗರಗಳಲ್ಲಿ ಹಾಗಿಲ್ಲವೆಂದು 2007ರಲ್ಲಿ ಲೂಯಿಸ್ ಬೆಟೆನ್‌ಕೋರ್, ಜೆಫ್ರಿ ವೆಸ್ಟ್ ಮತ್ತು ಸಂಗಡಿಗರು ತೋರಿಸಿದರು. ನಗರ ಬೆಳೆದಂತೆ ತಲಾ ರಸ್ತೆ, ಕೇಬಲ್ಲುಗಳ ಅಗತ್ಯ ಕಡಿಮೆಯಾಗುತ್ತದೆ ನಿಜ, ಆದರೆ ತಲಾ ಸಂಪಾದನೆ, ಹೊಸ ಆವಿಷ್ಕಾರ, ಅಪರಾಧ, ಜನರ ನಡಿಗೆಯ ವೇಗ ಎಲ್ಲವೂ ಹೆಚ್ಚುತ್ತವೆ. ಅಂಗಗಳ ಮಟ್ಟದಲ್ಲಿ ಹೋಲಿಸಿ, ಒಟ್ಟು ದೇಹದ ಮಟ್ಟಕ್ಕೆ ಹೋಗಬೇಡಿ.

ಹಂತ 4: ರೂಪಕ ತನ್ನೊಂದಿಗೆ ತರುವ ಪರಿಹಾರವನ್ನು ಗಮನಿಸುವುದು

ಸಮಸ್ಯೆಗೆ ಹೆಸರಿಡುವ ರೂಪಕ ಪರಿಹಾರವನ್ನೂ ಬಗಲಲ್ಲಿ ಇಟ್ಟುಕೊಂಡೇ ಬರುತ್ತದೆ. ಒಂದು ಕಾಲ್ಪನಿಕ ನಗರದ ಅಪರಾಧದ ಬಗ್ಗೆ ಎರಡು ಬರಹಗಳನ್ನು ಸಿದ್ಧಪಡಿಸಿ, ಒಂದರಲ್ಲಿ ಅಪರಾಧವನ್ನು ಕಾಡುಮೃಗವೆಂದೂ ಇನ್ನೊಂದರಲ್ಲಿ ವೈರಸ್ ಎಂದೂ ಕರೆದ ಪ್ರಯೋಗವನ್ನು ಪಾಲ್ ಥಿಬೋಡೊ ಮತ್ತು ಲೆರಾ ಬೊರೊಡಿಟ್‌ಸ್ಕಿ 2011ರಲ್ಲಿ ಪ್ರಕಟಿಸಿದರು. ಅಂಕಿಅಂಶಗಳು ಎರಡರಲ್ಲೂ ಒಂದೇ ಆಗಿದ್ದರೂ, ಮೃಗದ ಬರಹ ಓದಿದವರು ಹಿಡಿದು ಶಿಕ್ಷಿಸುವ ಕಡೆಗೂ, ವೈರಸ್ಸಿನ ಬರಹ ಓದಿದವರು ಮೂಲ ಕಾರಣವನ್ನು ಹುಡುಕಿ ಸುಧಾರಿಸುವ ಕಡೆಗೂ ಹೆಚ್ಚು ವಾಲಿದರು. ಈ ಪರಿಣಾಮ ಎಷ್ಟು ಪ್ರಬಲ ಎಂಬ ಬಗ್ಗೆ ಆಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ, ಆದರೆ ಎಚ್ಚರ ವಹಿಸಲು ಇಷ್ಟು ಸಾಕು.

ರಸ್ತೆಯನ್ನು ರಕ್ತನಾಳವೆನ್ನುವುದು ಇನ್ನೊಂದು ಹಳೆಯ ಅಭ್ಯಾಸ. ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದ ಮೇಲೆ ಈ ಕಲ್ಪನೆ ನಗರಗಳ ವರ್ಣನೆಗೂ ಹಬ್ಬಿತು. ನಾಳ ಕಟ್ಟಿಕೊಂಡರೆ ಸಾವು, ಆದ್ದರಿಂದ ಅಗಲಿಸಬೇಕು ಅಥವಾ ಬೈಪಾಸ್ ಮಾಡಬೇಕು ಎಂಬ ತರ್ಕ ತಾನಾಗಿಯೇ ಹಿಂಬಾಲಿಸುತ್ತದೆ. ಆದರೆ ನಾಳ ಅಗಲವಾಯಿತೆಂದು ದೇಹದಲ್ಲಿ ರಕ್ತ ಹೆಚ್ಚುವುದಿಲ್ಲ. ರಸ್ತೆ ಅಗಲವಾದರೆ ವಾಹನ ಹೆಚ್ಚುತ್ತದೆ. ಫ್ಲೈಓವರ್ ಕಟ್ಟಿ ಕೆಲವೇ ವರ್ಷಗಳಲ್ಲಿ ಅದರ ಮೇಲೆಯೇ ನಿಂತು ಕಾಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ರೋಗದ ರೂಪಕಗಳಲ್ಲಿ. ಅಮೆರಿಕದ ನಗರ ಯೋಜಕರು ಬಡವರ ಬಡಾವಣೆಗಳಿಗೆ ‘ಬ್ಲೈಟ್’ ಎಂಬ ಪದವನ್ನು ಬಳಸಿದರು. ಅದು ನಮ್ಮ ರೈತರು ಅಂಗಮಾರಿ ಎನ್ನುವ ಬೆಳೆರೋಗದ ಹೆಸರು. ವಾಷಿಂಗ್ಟನ್ನಿನ ನೈಋತ್ಯ ಭಾಗವನ್ನು ಹೀಗೆ ಗುರುತಿಸಿ ತೆರವು ಮಾಡಲು ಹೊರಟಾಗ, ತನ್ನ ಅಂಗಡಿ ಕೊಳೆಗೇರಿಯಲ್ಲ, ಅದನ್ನೇಕೆ ಕೆಡವಬೇಕು ಎಂದು ಮಾಲೀಕರೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಪ್ರದೇಶವನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ಪರಿಗಣಿಸಬಹುದೆಂದು 1954ರಲ್ಲಿ ತೀರ್ಪು ಬಂತು. ಸಾವಿರಾರು ಜನ, ಬಹುಪಾಲು ಕಪ್ಪು ಜನಾಂಗದವರು, ಮನೆ ಕಳೆದುಕೊಂಡರು. ಹರಡುವ ರೋಗವೆಂದು ಒಮ್ಮೆ ಹೆಸರಿಟ್ಟರೆ ಆರೋಗ್ಯವಾಗಿರುವ ಎಲೆಯನ್ನೂ ಕೀಳುವುದು ನ್ಯಾಯವೆಂದೇ ತೋರುತ್ತದೆ. ಕೊಳೆಗೇರಿಗೆ ಕ್ಯಾನ್ಸರ್, ವಲಸಿಗರಿಗೆ ಪರಾವಲಂಬಿ ಎಂಬ ಮಾತುಗಳು ನಿಮ್ಮ ಕರಡಿನಲ್ಲಿ ಕಂಡರೆ, ಅವು ಎಷ್ಟೇ ಚುರುಕಾಗಿ ತೋರಿದರೂ, ಹೊಡೆದುಹಾಕಿ.

ರೋಗದ ಭಾಷೆಯನ್ನೇ ಬಳಸಿ ಎದುರು ದಿಕ್ಕಿಗೆ ಹೋದವರೂ ಇದ್ದಾರೆ. ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತ್ಯದ ಊರುಗಳನ್ನು ನಡೆದು ನೋಡಿ ವರದಿಗಳನ್ನು ಬರೆದರು. ಕಿಕ್ಕಿರಿದ ಬೀದಿಗಳ ನಡುವೆ ನೇರವಾದ ಅಗಲ ರಸ್ತೆಯನ್ನು ಕೊರೆಯುವ ಯೋಜನೆಗಳ ಬದಲು, ತೀರಾ ಶಿಥಿಲವಾದ ಕೆಲವು ಮನೆಗಳನ್ನಷ್ಟೇ ತೆಗೆದು ಗಾಳಿ ಬೆಳಕಿಗೆ ಜಾಗ ಮಾಡುವ ಕ್ರಮವನ್ನು ಅವರು ಸೂಚಿಸಿದರು. ಅದಕ್ಕೆ ಅವರಿಟ್ಟ ಹೆಸರಿನ ಭಾವ ‘ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ’ ಎಂದು.

ಹಂತ 5: ಕಣ್ಣಿಗೆ ಕಾಣಿಸುವುದು

ಈಗ ಕಲಾವಿದರನ್ನೂ ಜಾಹೀರಾತಿನವರನ್ನೂ ಕರೆಯಬಹುದು. ಲಾಂಛನ, ಫಲಕ, ಬಸ್ಸಿನ ಮೇಲಿನ ಚಿತ್ರ ಎಲ್ಲವೂ ಇರಲಿ, ಆದರೆ ಅವು ಎರಡನೆಯ ಸಾಲಿನವು. ಮೊದಲ ಸಾಲಿನಲ್ಲಿ ಇರಬೇಕಾದದ್ದು ಆ ಕ್ರಿಯೆ ನಡೆಯುವುದನ್ನು ಜನ ನಿಂತು ನೋಡಬಹುದಾದ ಜಾಗ.

ಸಿಂಗಾಪುರ ಇದನ್ನು ಚೆನ್ನಾಗಿ ಅರಿತಿದೆ. ಅಲ್ಲಿನ ಅಂದಿನ ಪ್ರಧಾನಿ ಲೀ ಕುಆನ್ ಯೂ 1967ರಲ್ಲಿ ಉದ್ಯಾನನಗರದ ಕಲ್ಪನೆಯನ್ನು ಪ್ರಕಟಿಸಿದಾಗ ಮೊದಲು ನಡೆದದ್ದು ಬೀದಿಬದಿಯಲ್ಲಿ ಬೇಗ ಬೆಳೆದು ನೆರಳು ಕೊಡುವ ಮರಗಳನ್ನು ನೆಡುವ ಕೆಲಸ. 1975ರಲ್ಲಿ ಮರ ಮತ್ತು ಉದ್ಯಾನಗಳಿಗೆ ಕಾನೂನಿನ ರಕ್ಷಣೆಯೂ ಬಂತು. ಆಮೇಲಿನ ದಶಕಗಳಲ್ಲಿ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದ ಅಂಚಿನಲ್ಲಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿದ್ದ ಕಲ್ಲಾಂಗ್ ನದಿಯನ್ನು ಒಡೆದು, ಸುಮಾರು 3 ಕಿ.ಮೀ. ಉದ್ದಕ್ಕೆ ಬಳಸಿ ಹರಿಯುವ ಹೊಳೆಯಾಗಿ 2012ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಮಳೆ ಬಂದಾಗ ಹುಲ್ಲಿನ ದಡ ಮುಳುಗುತ್ತದೆ, ಇಳಿದಾಗ ಮಕ್ಕಳು ಆಡುತ್ತಾರೆ. ನೆರೆಬಯಲು ಎಂಬ ಜೀವಪರಿಸರದ ತತ್ತ್ವವನ್ನು, ಅಂದರೆ ನದಿಗೆ ಉಬ್ಬಲು ಜಾಗ ಬಿಡುವುದನ್ನು, ಇದಕ್ಕಿಂತ ಸರಳವಾಗಿ ತೋರಿಸಲು ಸಾಧ್ಯವಿಲ್ಲ. ಅಲ್ಲಿಗೆ ನೀರುನಾಯಿಗಳು ತಾವಾಗಿಯೇ ಬಂದು ನೆಲೆಸಿದವು. ಪ್ರವಾಸೋದ್ಯಮ ಇಲಾಖೆ ಹಣ ಕೊಟ್ಟು ಕೊಳ್ಳಲಾಗದ ಪ್ರಚಾರ ಅದು, ಮನೆಗಳ ಹೊಂಡದ ಬೆಲೆಬಾಳುವ ಮೀನುಗಳನ್ನು ಅವು ತಿಂದುಹಾಕುವ ತಕರಾರಿನ ಸಮೇತ.

ದೊಡ್ಡ ಬಜೆಟ್ ಇಲ್ಲದವರಿಗೆ ಗೆಡ್ಡೆಸ್ ಅವರದೇ ಇನ್ನೊಂದು ಉದಾಹರಣೆ ಇದೆ. ಇಂದೋರಿನಲ್ಲಿ ಪ್ಲೇಗಿನ ಭೀತಿಯಿದ್ದಾಗ, 1917ರ ದೀಪಾವಳಿಯ ಮೆರವಣಿಗೆಯನ್ನು ಅವರು ಸಾಂಪ್ರದಾಯಿಕ ಹಾದಿಯಲ್ಲಿ ಬಿಡದೆ, ಅತ್ಯಂತ ಸ್ವಚ್ಛವಾದ ಬೀದಿಗಳಲ್ಲಿ ಹೋಗುತ್ತದೆಂದು ಸಾರಿಸಿದರು. ತಮ್ಮ ಬೀದಿಗೆ ಮೆರವಣಿಗೆ ಬರಲೆಂದು ಜನ ಪೈಪೋಟಿಯಿಂದ ಗುಡಿಸಿದರು. ಕೊಳೆಯ ರಾಕ್ಷಸ, ಪ್ಲೇಗಿನ ಇಲಿ ಮೆರವಣಿಗೆಯಲ್ಲಿ ಸಾಗಿ ಕೊನೆಗೆ ಬೆಂಕಿಗೆ ಬಿದ್ದವು. ಬಿಳಿಯ ಬಟ್ಟೆ ತೊಟ್ಟ ಪೌರಕಾರ್ಮಿಕರು ಗೌರವದ ಸ್ಥಾನದಲ್ಲಿ ನಡೆದರು. ಇಂದೋರ್ ನಗರವೇ ಹೊಸ ದೇವತೆಯಾಗಿ ರಥವೇರಿತು. ಇಲಿ ರೋಗವಾಹಕ ಎಂಬ ಜೀವವಿಜ್ಞಾನದ ಸಂಗತಿ ಉಪನ್ಯಾಸವಿಲ್ಲದೆ ಊರಿಗೆಲ್ಲ ತಿಳಿಯಿತು. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕೆಲಸಗಾರರನ್ನು ಅವರು ಬಿಂಬದ ನಡುವೆ ತಂದು ನಿಲ್ಲಿಸಿದ್ದನ್ನು ವಿಶೇಷವಾಗಿ ಗಮನಿಸಿ. ಇಂದಿನ ಘೋಷವಾಕ್ಯಗಳಲ್ಲಿ ಕಾಣೆಯಾಗಿರುವುದು ಅದೇ.

ಹಂತ 6: ಮಿತಿಯನ್ನು ಮೊದಲೇ ಹೇಳುವುದು

ಚೀನಾ 2015ರಲ್ಲಿ 16 ನಗರಗಳಲ್ಲಿ ‘ಸ್ಪಂಜಿನ ನಗರ’ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಮಳೆನೀರನ್ನು ಚರಂಡಿಗೆ ಓಡಿಸುವ ಬದಲು ನೆಲವೇ ಹೀರಿಕೊಳ್ಳುವಂತೆ ಮಾಡುವುದು ಅದರ ತತ್ತ್ವ. ಇದೇ ಬಗೆಯ ಕೆಲಸಗಳಿಗೆ ಹಣ ಹೂಡಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿದು ಸುರಂಗ ರೈಲಿಗೂ ನೀರು ನುಗ್ಗಿದಾಗ, ಜನ ಸ್ಪಂಜನ್ನು ಹಂಗಿಸಿದರು. ಅಷ್ಟು ಮಳೆಯನ್ನು ಯಾವ ಸ್ಪಂಜೂ ಹೀರಲಾರದು. ತಪ್ಪು ತತ್ತ್ವದ್ದಲ್ಲ, ಎಷ್ಟು ಮಳೆಯವರೆಗೆ ಎಂದು ಹೇಳದ ಮಾತಿನದು. ಹಾಗಾಗಿ ನಿಮ್ಮ ಪ್ರಚಾರ ಸಾಮಗ್ರಿಯಲ್ಲಿ ಮಿತಿಯನ್ನೂ ಮುದ್ರಿಸಿ: ‘ಗಂಟೆಗೆ ಇಷ್ಟು ಮಿ.ಮೀ. ಮಳೆಯವರೆಗೆ ಈ ಕೆರೆ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಕೋಡಿ ಹರಿಯುತ್ತದೆ, ಕೋಡಿಯ ದಾರಿ ಇದು.’

ಹಂತ 7: ಅಳತೆ, ಮರುಪರಿಶೀಲನೆ

ಮೂರನೆಯ ಅಂಕಣದಲ್ಲಿ ಬರೆದ ಸಮಾನಧರ್ಮವನ್ನು ಅಳೆಯಬಹುದಾದ ಒಂದೆರಡು ಸೂಚಿಗಳಾಗಿ ಬದಲಿಸಿ ವರ್ಷಕ್ಕೊಮ್ಮೆ ಪ್ರಕಟಿಸಿ. ಮೂತ್ರಪಿಂಡವೆಂದರೆ ಒಳಬರುವ ಮತ್ತು ಹೊರಹೋಗುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ; ಚರ್ಮವೆಂದರೆ ಮರವಿರುವ ಮತ್ತು ಮರವಿಲ್ಲದ ಬೀದಿಗಳ ಮಧ್ಯಾಹ್ನದ ಉಷ್ಣತೆ. ಸೂಚಿ ಹದಗೆಡುತ್ತಿದ್ದರೆ ಹೆಸರನ್ನು ಎತ್ತಿ ಆಡುವುದನ್ನು ನಿಲ್ಲಿಸಿ ಕೆಲಸವನ್ನು ಸರಿಪಡಿಸಿ.

ಬೆಂಗಳೂರಿನ ಬಿಂಬದ ತೊಡಕು ಇಲ್ಲಿಯೇ ಇದೆ. ಕಬ್ಬನ್ ಪಾರ್ಕು, ಲಾಲ್‌ಬಾಗು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್ ಅವರು ಒಂದರ ನಂತರ ಒಂದು ಹೂಬಿಡುವಂತೆ ಯೋಜಿಸಿದ ಸಾಲುಮರಗಳು, ಇವುಗಳ ಆಧಾರದಿಂದ ಉದ್ಯಾನನಗರಿ ಎಂಬ ಹೆಸರು ನಿಂತಿತು. ಊರು ಹಬ್ಬಿದಂತೆ ಹೆಸರು ಹಾಗೆಯೇ ಉಳಿದು ಆಧಾರ ಮಾತ್ರ ಹಳೆಯ ಬಡಾವಣೆಗಳಿಗೆ ಸೀಮಿತವಾಯಿತು. ಈ ನಡುವೆ ಊರಿನ ಭೂರಚನೆಗೆ ಹೆಚ್ಚು ಹೊಂದುವ ವ್ಯವಸ್ಥೆಯೊಂದು, ಅಂದರೆ ದಿಣ್ಣೆಯಿಂದ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವ ಸರಪಳಿ, ಯಾವ ಹೆಸರೂ ಇಲ್ಲದೆ ಒತ್ತುವರಿಯಾಗುತ್ತ ಬಂತು. 2015, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಸುದ್ದಿ ದೇಶದಾಚೆಗೂ ಹೋದದ್ದು ಅದೇ ಊರಿನ ಇನ್ನೊಂದು ಬಿಂಬವಾಗಿ. ಆ ಸರಪಳಿಗೆ ಯಾವ ಉಪಮಾನ ಹೊಂದುತ್ತದೆ ಎಂಬುದನ್ನು ಮೇಲಿನ ನಾಲ್ಕು ಅಂಕಣಗಳಲ್ಲಿ ತುಂಬಿ ನೋಡುವುದು ಬೆಂಗಳೂರಿನ ಓದುಗರಿಗೆ ಒಳ್ಳೆಯ ಅಭ್ಯಾಸ.

ರೂಪಕವನ್ನು ಬದಲಿಸಬೇಕಾಗಿ ಬಂದರೆ ಹಿಂಜರಿಯಬೇಡಿ. ಸಿಂಗಾಪುರ ‘ಉದ್ಯಾನನಗರ’ವನ್ನು ಮೊದಲು ‘ಉದ್ಯಾನದೊಳಗಿನ ನಗರ’ವಾಗಿ, 2020ರಲ್ಲಿ ‘ಪ್ರಕೃತಿಯೊಳಗಿನ ನಗರ’ವಾಗಿ ತಿದ್ದಿಕೊಂಡಿತು, ಪ್ರತಿ ಸಲವೂ ಹೊಸ ಹೆಸರಿನೊಂದಿಗೆ ಹೊಸ ಕಾರ್ಯಕ್ರಮ ಬಂತು. ಹೊಸ ಹೆಸರನ್ನು ಪ್ರಕಟಿಸುವ ಸಭೆಯ ಕಾರ್ಯಸೂಚಿಯಲ್ಲಿ ಮೂರು ಕಾಗದಗಳು ಜೊತೆಗಿರಲಿ: ಆ ಜಾಗದ ಸರ್ವೆ ನಂಬರು ಮತ್ತು ಗಡಿ ನಕ್ಷೆ, ಹಿಂದಿನ ವರ್ಷದ ಸೂಚಿಯ ಅಂಕಿ, ಮುಂದಿನ ವರ್ಷ ಅಳೆಯಬೇಕಾದ ಅಧಿಕಾರಿಯ ಹುದ್ದೆಯ ಹೆಸರು. ಮೂರರಲ್ಲಿ ಒಂದು ಇಲ್ಲದಿದ್ದರೂ ಸಭೆಯನ್ನು ಮುಂದೂಡಿ.